ಬ್ರೇಕ್ ಕ್ಯಾಲಿಪರ್‌ಗೆ ಅರಿಶಿನ ಬಣ್ಣ, ಮೇಲೆ ಕೆಂಪು ಕನ್ನಡ ಅಕ್ಷರ: ಮನೆಯಲ್ಲೇ ಮಾಡಬಹುದೇ?

ತುಮಕೂರು ಸವಾರ
ಎಲ್ಲರಿಗೂ ನಮಸ್ಕಾರ. ನನ್ನದು ಬಿಳಿ ಸ್ವಿಫ್ಟ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಈಚೆಗೆ ಸ್ಟೀಲ್ ಚಕ್ರ ತೆಗೆಸಿ ಅಲಾಯ್ ಹಾಕಿಸಿದೆ. ಇಷ್ಟು ದಿನ ವೀಲ್ ಕ್ಯಾಪ್ ಹಿಂದೆ ಅಡಗಿದ್ದ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಬ್ರೇಕ್ ಒತ್ತಿದಾಗ ಪ್ಯಾಡ್‌ಗಳ ನಡುವೆ ಹಿಡಿಯುವ ಭಾಗ) ಈಗ ಕಡ್ಡಿಗಳ ಸಂದಿಯಲ್ಲಿ ಎದ್ದು ಕಾಣುತ್ತದೆ, ಮೈತುಂಬಾ ತುಕ್ಕು. ಹೊಸ ಚಕ್ರದ ಅಂದವನ್ನೆಲ್ಲ ಅದು ಕೆಡಿಸುತ್ತಿದೆ. ನವೆಂಬರ್ 1ರ ಒಳಗೆ ಅದಕ್ಕೆ ಗಟ್ಟಿ ಅರಿಶಿನ ಬಣ್ಣ ಹಚ್ಚಿ, ಮೇಲೆ ಕುಂಕುಮ ಬಣ್ಣದಲ್ಲಿ ‘ಕನ್ನಡ’ ಎಂದು ಬರೆಸಬೇಕೆಂಬ ಆಸೆ. ಇಲ್ಲಿನ ಅಂಗಡಿಯವರು ಮಾಮೂಲಿ ಸ್ಪ್ರೇ ಡಬ್ಬಿ ತೋರಿಸಿ ಇದೇ ಸಾಕು ಎನ್ನುತ್ತಾರೆ. ಸಾಕೇ? ಕ್ಯಾಲಿಪರ್ ಬಿಚ್ಚಲೇಬೇಕೇ? ಬ್ರೇಕ್‌ಗೆ ಏನಾದರೂ ತೊಂದರೆಯಾಗುತ್ತದೆಯೇ? ಕೈಯಾರೆ ಮಾಡಿದವರು ಹೇಳಿದರೆ ಉಪಕಾರ.

ಜೆ.ಸಿ. ರಸ್ತೆ ಗಿರಾಕಿ
ಮಾಮೂಲಿ ಸ್ಪ್ರೇ ಬೇಡವೇ ಬೇಡ. ಗೇಟು, ಕುರ್ಚಿ, ಸೈಕಲ್‌ಗೆ ಹೊಡೆಯುವ ಬಣ್ಣ ಅದು. ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಹಳದಿ ಕಂದುತ್ತದೆ, ಕೆಂಪು ಪೇಲವವಾಗುತ್ತದೆ, ಕೊನೆಗೆ ಹಕ್ಕಳೆ ಏಳುತ್ತದೆ.

ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯಲ್ಲಿ ‘ಕ್ಯಾಲಿಪರ್ ಪೇಂಟ್’ ಎಂದೇ ಕೇಳಿ. 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಸ್ಪ್ರೇ ಸಿಗುತ್ತದೆ, ಬಣ್ಣ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಎರಡನ್ನೂ ಬೆರೆಸಿ ಬ್ರಷ್‌ನಲ್ಲಿ ಹಚ್ಚುವುದೂ ಸಿಗುತ್ತದೆ. ಎರಡನೆಯದು ದುಬಾರಿ, ಆದರೆ ನನ್ನ ಮತ ಅದಕ್ಕೇ. ಬ್ರೇಕ್ ಆಯಿಲ್ ತಾಗಿದರೂ ಅದು ಸುಲಭಕ್ಕೆ ಕರಗುವುದಿಲ್ಲ. ಬ್ರಷ್ ಗೆರೆ ಉಳಿಯುತ್ತದೆ ಎಂಬ ಹೆದರಿಕೆಯೂ ಬೇಡ, ಒಣಗುವ ಮೊದಲೇ ತಾನಾಗಿ ಹರಡಿ ಸಮವಾಗುತ್ತದೆ.

ಹಾಸನದ ಹಳಬ
ಬ್ರೇಕ್ ಇರುವುದು ಗಾಡಿ ನಿಲ್ಲಿಸುವುದಕ್ಕೆ, ಶೃಂಗಾರಕ್ಕಲ್ಲ. ಆ ದುಡ್ಡಿಗೆ ಒಳ್ಳೆಯ ಪ್ಯಾಡ್ ಹಾಕಿಸಿ.

ಉಳ್ಳಾಲದ ಉಪ್ಪುಗಾಳಿ
ಹಳಬರೇ, ಒಂದು ಮಳೆಗಾಲ ಕಡಲ ದಡದಲ್ಲಿ ಕಾರು ನಿಲ್ಲಿಸಿ ನೋಡಿ, ಆಮೇಲೆ ಶೃಂಗಾರದ ಮಾತು ಆಡೋಣ. ನಮ್ಮ ಕಡೆ ಹೊಸ ಕಾರಿನ ಕ್ಯಾಲಿಪರ್ ಕೂಡ ಮೊದಲ ವರ್ಷವೇ ಕೆಂಪಗಾಗುತ್ತದೆ. ಸಾಧಾರಣ ಕಾರುಗಳಲ್ಲಿ ಇರುವುದು ಎರಕದ ಕಬ್ಬಿಣ. ಅದರ ಮೇಲೆ ಕಾರ್ಖಾನೆಯಲ್ಲಿ ಕೊಟ್ಟ ಲೇಪ ತೀರಾ ತೆಳು. ಬಣ್ಣ ಹಚ್ಚಿದರೆ ಅಂದವೂ ಹೌದು, ಲೋಹಕ್ಕೆ ರಕ್ಷಣೆಯೂ ಹೌದು.

ಹಾಸನದ ಹಳಬ
ಮೇಲಿನ ತುಕ್ಕಿನಿಂದ ಬ್ರೇಕ್ ಹಿಡಿಯುವ ಶಕ್ತಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೆಡುವುದು ಕ್ಯಾಲಿಪರ್ ಜಾರಿ ಸರಿಯುವ ಸ್ಲೈಡ್ ಪಿನ್ ಒಣಗಿ ಹಿಡಿದುಕೊಂಡಾಗ, ಪ್ಯಾಡ್ ತಳ್ಳುವ ಪಿಸ್ಟನ್ ಮೇಲಿನ ರಬ್ಬರ್ ಹರಿದು ಒಳಗೆ ನೀರು ಹೋದಾಗ. ಅವೆರಡನ್ನೂ ಬಣ್ಣ ಸರಿಮಾಡುವುದಿಲ್ಲ. ಹೊರಗೆ ಫಳಫಳ, ಒಳಗೆ ಪಿನ್ ಜಾಮ್: ಇಂಥ ಕಾರುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಶಿವಮೊಗ್ಗ ಮೇಸ್ತ್ರಿ
ಇಬ್ಬರ ಮಾತಿನಲ್ಲೂ ಸತ್ಯವಿದೆ. ಗ್ಯಾರೇಜಿನಲ್ಲಿ ದಿನವೂ ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ: ಬಣ್ಣ ಹಚ್ಚುವುದು ಕಷ್ಟವಲ್ಲ, ಎಲ್ಲಿ ಹಚ್ಚಬಾರದು ಎಂದು ತಿಳಿಯದೆ ಹಚ್ಚಿದರೆ ಕಷ್ಟ.

ಮೊದಲು ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕಿಯನ್ನೊಂದೇ ನಂಬಿ ಕೈ ಒಳಗೆ ಹಾಕಬೇಡಿ, ಸ್ಟ್ಯಾಂಡ್ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಚಕ್ರ ಬಿಚ್ಚಿದ ಮೇಲೆ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ, ಬ್ರೇಕ್ ಧೂಳನ್ನು ಗಾಳಿ ಪೈಪ್‌ನಿಂದ ಊದಬೇಡಿ. ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಆಮೇಲೆ ಎಮರಿ ಪೇಪರ್, ಕೊನೆಗೆ ಬ್ರೇಕ್ ಕ್ಲೀನರ್. ಡೀಸೆಲ್‌ನಲ್ಲಿ ತೊಳೆದು ಬಣ್ಣ ಹೊಡೆಯುವವರಿದ್ದಾರೆ. ಡೀಸೆಲ್ ಎಣ್ಣೆಯ ಪದರ ಬಿಡುತ್ತದೆ, ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಸಡಿಲ ತುಕ್ಕಿನ ಮೇಲೆ ಬಣ್ಣ ಹಚ್ಚುವುದೂ ಉದುರುವ ಮಣ್ಣಿನ ಗೋಡೆಗೆ ಸುಣ್ಣ ಬಳಿದ ಹಾಗೆಯೇ.

ಈಗ ಹಚ್ಚಬಾರದ ಜಾಗಗಳು. ಪಿಸ್ಟನ್ ಸುತ್ತಲಿನ ರಬ್ಬರ್, ಸ್ಲೈಡ್ ಪಿನ್ನಿನ ರಬ್ಬರ್, ಆಯಿಲ್ ಬರುವ ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ತಂತಿ, ಗಾಳಿ ತೆಗೆಯುವ ನಿಪ್ಪಲ್, ಇವಿಷ್ಟಕ್ಕೂ ಟೇಪ್ ಸುತ್ತಿ. ಪ್ಯಾಡ್‌ನ ಕಿವಿಗಳು ಕೂತು ಜಾರುವ ಕಂಡಿಗೆ ಬಣ್ಣ ತಾಗಲೇಬಾರದು. ಅಲ್ಲಿ ಬಣ್ಣ ಸೇರಿದರೆ ಪ್ಯಾಡ್ ಹಿಂದೆ ಸರಿಯದೆ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಬಿಸಿ ಏರುತ್ತದೆ, ಪ್ಯಾಡ್ ಒಂದೇ ಕಡೆ ಸವೆಯುತ್ತದೆ. ಹಾಗೆಯೇ ಚಕ್ರ ಬಂದು ಕೂರುವ ಹಬ್‌ನ ಮುಖಕ್ಕೂ ಬಣ್ಣ ಬೇಡ. ಓಡಿಸುತ್ತಾ ಹೋದಂತೆ ಆ ಪದರ ಅಮುಕಿ ತೆಳುವಾಗುತ್ತದೆ, ಬಿಗಿದ ನಟ್ ಸಡಿಲವಾಗುತ್ತದೆ.

ಡಿಸ್ಕಿಗೆ ಪೇಪರ್ ಸುತ್ತಿ. ತೆಳುವಾಗಿ ಒಂದು ಕೋಟ್, ಒಣಗಿದ ಮೇಲೆ ಇನ್ನೊಂದು. ದಪ್ಪಗೆ ಒಂದೇ ಸಲ ಹೊಡೆದರೆ ಇಳಿಯುತ್ತದೆ.

ತುಮಕೂರು ಸವಾರ
ಮೇಸ್ತ್ರಿಗಳೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಾಗಾದರೆ ಕ್ಯಾಲಿಪರ್ ಬಿಚ್ಚದೆ, ಇದ್ದಲ್ಲೇ ಹಚ್ಚಬಹುದಲ್ಲವೇ?

ಶಿವಮೊಗ್ಗ ಮೇಸ್ತ್ರಿ
ಹಚ್ಚಬಹುದು. ಹೊರಗೆ ಕಾಣುವ ಭಾಗಕ್ಕೆ ಅಷ್ಟೇ ಸಾಕು. ಹಿಂಭಾಗವೂ ಚೆನ್ನಾಗಿ ಬರಬೇಕೆಂದರೆ ಎರಡು ಬೋಲ್ಟ್ ತೆಗೆದು ಕ್ಯಾಲಿಪರನ್ನು ಡಿಸ್ಕಿನಿಂದ ಎತ್ತಬಹುದು, ಆದರೆ ಹೋಸ್ ಬಿಚ್ಚಬೇಡಿ. ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ, ಆಮೇಲೆ ಬ್ಲೀಡ್ ಮಾಡಿಸಿ ಆ ಗಾಳಿ ತೆಗೆಸಲೇಬೇಕು. ಎತ್ತಿದ ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬಿಚ್ಚಿಯೇ ಬಿಚ್ಚುತ್ತೀರಿ ಎಂದಾದರೆ ಹಳಬರು ಹೇಳಿದ ಸ್ಲೈಡ್ ಪಿನ್‌ಗಳನ್ನೂ ತೆಗೆದು ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಮುಗಿಸಿದ ಮೇಲೆ, ಗಾಡಿ ಚಾಲೂ ಮಾಡುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಇದನ್ನು ಮರೆತರೆ ಗೇಟು ದಾಟುವಾಗಲೇ ಬ್ರೇಕ್ ಸಿಗುವುದಿಲ್ಲ.

ಹಾಸನದ ಹಳಬ
ಪಿನ್‌ಗೆ ಗ್ರೀಸ್ ಹಚ್ಚುವ ನೆಪಕ್ಕಾದರೂ ಚಕ್ರ ಬಿಚ್ಚುತ್ತಾರೆ ಎಂದಾದರೆ ನನ್ನ ತಕರಾರಿಲ್ಲ.

ವೇಗದೂತ 92
ಇಷ್ಟೆಲ್ಲ ರಗಳೆ ಯಾಕೆ? ಆನ್‌ಲೈನ್‌ನಲ್ಲಿ ಕ್ಯಾಲಿಪರ್ ಕವರ್ ಸಿಗುತ್ತದೆ. ಕೆಂಪು, ಹಳದಿ, ನೀಲಿ, ಯಾವುದು ಬೇಕೋ ಅದು. ಅಂಟಿಸಿದರೆ ಮುಗಿಯಿತು, ನೋಡುವುದಕ್ಕೆ ರೇಸ್ ಕಾರಿನ ಬ್ರೇಕ್‌ನಂತೆಯೇ ಇರುತ್ತದೆ.

ಕೊಟ್ಟಿಗೆಹಾರ ಬಸ್‌ಸ್ಟ್ಯಾಂಡ್
ದಯವಿಟ್ಟು ಬೇಡ. ನಮ್ಮ ಪಕ್ಕದ ಮನೆಯವರು ಅಂಥದ್ದೇ ಪ್ಲಾಸ್ಟಿಕ್ ಕವರ್ ಅಂಟಿಸಿಕೊಂಡು ಚಾರ್ಮಾಡಿ ಘಾಟಿ ಇಳಿದರು. ಅರ್ಧ ದಾರಿಯಲ್ಲಿ ಅಂಟು ಬಿಸಿಗೆ ಬಿಟ್ಟುಕೊಂಡು ಕವರ್ ಒಂದು ಬದಿ ಜೋತುಬಿತ್ತು. ಅಲಾಯ್ ಚಕ್ರದ ಒಳಮೈಗೆ ಕರಕರ ಸದ್ದು. ಏನೋ ಮುರಿದೇ ಹೋಯಿತೆಂದು ತಿರುವಿನಲ್ಲಿ ನಿಲ್ಲಿಸಿಕೊಂಡು ಫೋನ್ ಮಾಡಿದರು. ಹೋಗಿ ನೋಡಿದರೆ ಚಕ್ರದ ಒಳಗೆ ಸುತ್ತಲೂ ಗೀರು ಬಿದ್ದಿತ್ತು, ಒಳಗೆ ಅಂಟಿಸಿದ್ದ ಬ್ಯಾಲೆನ್ಸಿಂಗ್ ತೂಕದ ಪಟ್ಟಿಯೂ ಕಿತ್ತುಹೋಗಿತ್ತು. ಆ ಚೂರು ಹಿಂದೆ ಬರುತ್ತಿದ್ದ ಬೈಕ್ ಸವಾರನ ಮುಖಕ್ಕೆ ಹಾರಿದ್ದರೆ ಏನು ಗತಿ?

ವೇಗದೂತ 92
ಅದು ಕಳಪೆ ಕವರ್ ಇರಬೇಕು. ಅಲ್ಯೂಮಿನಿಯಂನವು ಕ್ಲಿಪ್‌ನಲ್ಲಿ ಗಟ್ಟಿಯಾಗಿ ಕೂರುತ್ತವೆ.

ಮಹಾಲಿಂಗಪುರ ಮೆಕ್ಯಾನಿಕಲ್
ಗಟ್ಟಿಯಾಗಿ ಕೂತರೂ ಕವರ್ ಹಾಕಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕ್ಯಾಲಿಪರ್ ಗಾಳಿಗೆ ತೆರೆದುಕೊಂಡಿರಬೇಕು. ಬಣ್ಣದ ತೆಳು ಪದರ ಬೇರೆ, ಮೇಲೊಂದು ಡಬ್ಬಿ ಮುಚ್ಚಿ ನಡುವೆ ಗಾಳಿ ಕಟ್ಟಿಹಾಕುವುದು ಬೇರೆ. ಅದಲ್ಲದೆ ಕಂಪನಿಯದಲ್ಲದೆ ಹೊರಗಡೆ ಕೊಂಡ ಅಲಾಯ್‌ಗಳಲ್ಲಿ ಕಡ್ಡಿಗೂ ಕ್ಯಾಲಿಪರ್‌ಗೂ ನಡುವೆ ಕೆಲವೊಮ್ಮೆ ಬೆರಳು ತೂರುವಷ್ಟೂ ಜಾಗ ಇರುವುದಿಲ್ಲ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಒಳಕ್ಕೆ ಸರಿಯುತ್ತದೆ, ಹೊಸ ಪ್ಯಾಡ್ ಹಾಕಿದಾಗ ಮತ್ತೆ ಹೊರಕ್ಕೆ ಬರುತ್ತದೆ. ಇವತ್ತು ತಾಗದ ಕವರ್ ಅವತ್ತು ತಾಗುತ್ತದೆ.

ರಾಯಚೂರು ಬಿಸಿಲು
ಬಣ್ಣದಿಂದಲೂ ಬಿಸಿ ಒಳಗೇ ಉಳಿಯುವುದಿಲ್ಲವೇ? ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಟಾರೇ ಮೆತ್ತಗಾಗುತ್ತದೆ.

ಮಹಾಲಿಂಗಪುರ ಮೆಕ್ಯಾನಿಕಲ್
ಬ್ರೇಕ್ ಹಾಕಿದಾಗ ಕಾರಿನ ಚಲನಶಕ್ತಿ ಬಿಸಿಯಾಗಿ ಬದಲಾಗುವುದು ಪ್ಯಾಡ್ ಮತ್ತು ಡಿಸ್ಕ್ ಉಜ್ಜುವ ಕಡೆ. ಅದರ ದೊಡ್ಡ ಪಾಲನ್ನು ಡಿಸ್ಕೇ ಹೀರಿ ಗಾಳಿಗೆ ಬಿಡುತ್ತದೆ. ಕ್ಯಾಲಿಪರ್‌ಗೆ ಬರುವುದು ಪ್ಯಾಡ್ ಮೂಲಕ ದಾಟಿದ್ದು, ಡಿಸ್ಕಿನಿಂದ ಸೂಸಿದ್ದು ಮಾತ್ರ. ಎರಡು ತೆಳು ಕೋಟ್‌ನಿಂದ ಅಲ್ಲಿ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ. ಕಾರ್ಖಾನೆಯಿಂದಲೇ ಬಣ್ಣ ಹಚ್ಚಿ ಕಳಿಸುವ ಕಾರುಗಳಿಲ್ಲವೇ? ಐ20 ಎನ್ ಲೈನ್ ಕೆಂಪು ಕ್ಯಾಲಿಪರ್‌ನೊಂದಿಗೇ ಬರುತ್ತದೆ.

ಒಂದು ಲೆಕ್ಕ ನೋಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿಕೊಂಡ ಮೇಲಿನ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಕ್ಯಾಲಿಪರ್ ಒಳಗಿನ ಆಯಿಲ್ ಕುದಿಯುವಷ್ಟು ಬಿಸಿಯಾದರೆ ಪೆಡಲ್ ಮೆತ್ತಗಾಗಿ ಒಳಗಿಳಿಯುತ್ತದೆ. ಅಂದರೆ ನಿಮ್ಮ ಬಣ್ಣ ಸುಡುವ ಮೊದಲೇ ಬ್ರೇಕ್ ಕೈಕೊಟ್ಟಿರುತ್ತದೆ. ಅದಕ್ಕೇ ಬಣ್ಣದ ಚಿಂತೆಗಿಂತ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು ಎಂದು ನೋಡಿ. ಅದರ ಗಡುವು ಮಾಲೀಕರ ಕೈಪಿಡಿಯಲ್ಲೇ ಇರುತ್ತದೆ, ನಮ್ಮಲ್ಲಿ ಯಾರೂ ತೆರೆದು ನೋಡುವುದಿಲ್ಲ.

ಆಗುಂಬೆ ತಿರುವು
ಇದನ್ನು ಕಲ್ಲಿನಲ್ಲಿ ಕೆತ್ತಿಸಿ ಘಾಟಿಯ ತುದಿಯಲ್ಲಿ ನಿಲ್ಲಿಸಬೇಕು. ನಮ್ಮ 14 ತಿರುವುಗಳನ್ನು ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವವರಿದ್ದಾರೆ. ಕೆಳಗೆ ಸೋಮೇಶ್ವರದಲ್ಲಿ ಚಕ್ರದಿಂದ ಹೊಗೆ ಬರುತ್ತದೆ ಎಂದು ನೀರು ಎರಚುತ್ತಾರೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಎಂದು ನಮ್ಮ ಲಾರಿ ಚಾಲಕರು ಹೇಳಿಕೊಟ್ಟದ್ದು ಇಂದಿಗೂ ಸರಿ.

ರಾಯಚೂರು ಬಿಸಿಲು
ಸೈಲೆನ್ಸರ್‌ಗೆ ಹೊಡೆಯುವ ಬಣ್ಣ ನನ್ನ ಬಳಿ ಉಳಿದಿದೆ, 600 ಡಿಗ್ರಿ ಎಂದು ಬರೆದಿದೆ. ಅದು ಇನ್ನೂ ಒಳ್ಳೆಯದಲ್ಲವೇ?

ಜೆ.ಸಿ. ರಸ್ತೆ ಗಿರಾಕಿ
ಅಲ್ಲ. ಆ ಸಿಲಿಕೋನ್ ಬಣ್ಣ ಚೆನ್ನಾಗಿ ಕಾದ ಮೇಲೆ ಮಾತ್ರ ಪೂರ್ತಿ ಗಟ್ಟಿಯಾಗುತ್ತದೆ. ಸೈಲೆನ್ಸರ್ ಅಷ್ಟು ಕಾಯುತ್ತದೆ, ಊರೊಳಗೆ ಓಡುವ ಕಾರಿನ ಕ್ಯಾಲಿಪರ್ ಕಾಯುವುದಿಲ್ಲ. ಮೆತ್ತಗೇ ಉಳಿದು ಬ್ರೇಕ್ ಕ್ಲೀನರ್ ತಾಗಿದ ಕೂಡಲೇ ಕೈಗೆ ಬರುತ್ತದೆ.

ಡೆಟ್ರಾಯಿಟ್ ಕನ್ನಡಿಗ
ಮಿಷಿಗನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಳ್ಳಾಲದವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಎರಡು ಭಾಗ ಬೆರೆಸುವ ಬಣ್ಣವನ್ನೇ ಹಚ್ಚಿದೆ, ಚಳಿಗಾಲ ಕಳೆದ ಮೇಲೂ ನಿಂತಿದೆ. ಬಣ್ಣ ಕಿತ್ತಿರುವುದು ಬೋಲ್ಟ್‌ಗೆ ಪಾನಾ ತಾಗುವ ಮೂಲೆಗಳಲ್ಲಿ ಮಾತ್ರ. ಉಳಿದ ಚೂರು ಬಣ್ಣ ಇಟ್ಟುಕೊಂಡು ತಿದ್ದೋಣ ಎಂದರೆ ಆಗುವುದಿಲ್ಲ, ಹಾರ್ಡನರ್ ಬೆರೆತ ಮೇಲೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ.

ಚಿನ್ನದ ಗಾಲಿ
ಬಣ್ಣದ ಆಯ್ಕೆಯ ಬಗ್ಗೆ ಒಂದು ಮಾತು. ಪೋರ್ಷೆ ಕಾರುಗಳಲ್ಲಿ ಹಳದಿ ಕ್ಯಾಲಿಪರ್ ಎಂದರೆ ಸೆರಾಮಿಕ್ ಡಿಸ್ಕ್ ಇದೆ ಎಂಬ ಗುರುತು. ಹೈಬ್ರಿಡ್ ಕಾರುಗಳಿಗೆ ಮಿಂಚುವ ಹಸಿರು. ಟಂಗ್‌ಸ್ಟನ್ ಕಾರ್ಬೈಡ್ ಲೇಪದ ಡಿಸ್ಕ್ ಇದ್ದರೆ ಬಿಳಿ. ಒಂದೊಂದು ಬಣ್ಣಕ್ಕೂ ಅಲ್ಲಿ ಅರ್ಥವಿದೆ. ಚಿಕ್ಕ ಕಾರಿಗೆ ಹಳದಿ ಹಚ್ಚಿದರೆ ಬಲ್ಲವರು ನಕ್ಕಾರು. ಕಡು ಬೂದು ಅಥವಾ ಕಪ್ಪು ಹಚ್ಚಿ, ಗಂಭೀರವಾಗಿರುತ್ತದೆ.

ಬೆಳಗಾವಿ ಗಡಿನಾಡು
ನಗುವವರು ನಗಲಿ. ಅರಿಶಿನ ಕುಂಕುಮ ನಮ್ಮ ಬಾವುಟದ ಬಣ್ಣ, ಮ. ರಾಮಮೂರ್ತಿ ಅವರು ರೂಪಿಸಿದ ಬಾವುಟ. ಜರ್ಮನಿಯ ಕಂಪನಿಯ ಬಣ್ಣದ ಪಟ್ಟಿ ನೋಡಿಕೊಂಡು ತುಮಕೂರಿನವರು ಕಾರಿಗೆ ಬಣ್ಣ ಹಚ್ಚಬೇಕೇ? ಸವಾರರೇ, ಧೈರ್ಯವಾಗಿ ಹಚ್ಚಿ. ಬಿಳಿ ಕಾರಿಗೆ ಅದು ಒಪ್ಪುತ್ತದೆ ಕೂಡ.

ಚಿನ್ನದ ಗಾಲಿ
ಬಾವುಟದ ಬಗ್ಗೆ ನನಗೂ ಅಷ್ಟೇ ಅಭಿಮಾನವಿದೆ. ಅದಕ್ಕೇ ಕೇಳುತ್ತೇನೆ: ಬ್ರೇಕ್ ಧೂಳು ದಿನವೂ ಬಿದ್ದು ಕಪ್ಪಾಗುವ ಜಾಗದಲ್ಲಿ, ಕೆಸರು ರಾಚುವ ಜಾಗದಲ್ಲಿ ‘ಕನ್ನಡ’ ಎಂದು ಬರೆಯುವುದು ಸರಿಯೇ?

ಬೆಳಗಾವಿ ಗಡಿನಾಡು
ಈ ಮಾತಿಗೆ ಮಾತ್ರ ನನ್ನಲ್ಲಿ ಎದುರುತ್ತರ ಇಲ್ಲ. ಬಣ್ಣ ಇರಲಿ, ಅಕ್ಷರವನ್ನು ಹಿಂದಿನ ಗಾಜಿಗೆ ಬರೆಸಿ.

ಅಕ್ಷರ ಸ್ಟಿಕ್ಕರ್ಸ್, ದಾವಣಗೆರೆ
ಸ್ಟಿಕ್ಕರ್ ಕತ್ತರಿಸುವುದೇ ನನ್ನ ಕಸುಬು, ಅದರ ಲೆಕ್ಕದಲ್ಲಿ ಹೇಳುತ್ತೇನೆ. ದುಬಾರಿ ಕಾರಿನ ಕ್ಯಾಲಿಪರ್‌ಗೆ ಅಗಲವಾದ ಸಪಾಟು ಮುಖ ಇರುತ್ತದೆ, ಹೆಸರು ಚೆನ್ನಾಗಿ ಕೂರುತ್ತದೆ. ಸಾಧಾರಣ ಕಾರಿನ ಸಿಂಗಲ್ ಪಿಸ್ಟನ್ ಕ್ಯಾಲಿಪರ್‌ನಲ್ಲಿ ಹೊರಗೆ ಕಾಣುವುದು ಎರಡು ಗಿಡ್ಡ ಬೆರಳುಗಳು, ನಡುವೆ ಒಂದು ಕಂಡಿ. ‘ಕನ್ನಡ’ ಎಂದು ಬರೆಯಹೊರಟರೆ ‘ನ್ನ’ ಸರಿಯಾಗಿ ಆ ಕಂಡಿಯ ಮೇಲೆ ಬರುತ್ತದೆ. ಒಂದೊಂದು ಬೆರಳಿನ ಮೇಲೆ ಬಿಡಿ ಅಕ್ಷರ ಬೇಕಾದರೆ ಕೂರಿಸಬಹುದು.

ಸ್ಟೆನ್ಸಿಲ್ ಇಟ್ಟು ಸ್ಪ್ರೇ ಮಾಡಲು ಹೋಗಬೇಡಿ. ನಮ್ಮ ಅಕ್ಷರಗಳಲ್ಲಿ ಮುಚ್ಚಿದ ಸುಳಿಗಳು ಜಾಸ್ತಿ. ಕತ್ತರಿಸಿದಾಗ ಒಳಗಿನ ತುಂಡು ಉದುರಿಹೋಗುತ್ತದೆ, ಅಕ್ಷರ ಮುದ್ದೆಯಾಗುತ್ತದೆ. ಬಿಸಿ ತಡೆಯುವ ವಿನೈಲ್‌ನಲ್ಲಿ ಕತ್ತರಿಸಿ ಅಂಟಿಸಿ, ಅಂಚು ಏಳದಂತೆ ಮೇಲೆ ಬಿಸಿ ತಡೆಯುವ ಕ್ಲಿಯರ್ ಕೋಟ್ ಕೊಡಬೇಕು. ಇನ್ನೊಂದು ವಿಷಯ, ಬಲಗಡೆ ಎಡಗಡೆ ಕ್ಯಾಲಿಪರ್ ಒಂದಕ್ಕೊಂದು ಕನ್ನಡಿಬಿಂಬ. ಅಳತೆ ಎರಡೂ ಕಡೆ ಬೇರೆಬೇರೆಯಾಗಿ ತೆಗೆದುಕೊಳ್ಳಿ.

ವೇಗದೂತ 92
ಇದಕ್ಕೆ ಆರ್‌ಟಿಒದವರು ದಂಡ ಹಾಕುವುದಿಲ್ಲವೇ?

ಮಹಾಲಿಂಗಪುರ ಮೆಕ್ಯಾನಿಕಲ್
ಆರ್‌ಸಿಯಲ್ಲಿ ನಮೂದಾಗಿರುವುದು ಕಾರಿನ ಮೈಬಣ್ಣ. ಅದನ್ನು ಬದಲಿಸಿದರೆ ದಾಖಲೆ ತಿದ್ದಿಸಬೇಕು. ಕ್ಯಾಲಿಪರ್‌ನ ಬಣ್ಣ ಅದರಲ್ಲಿ ಇರುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವ ಬಗ್ಗೆ ಇದೆ. ಡ್ರಮ್ ತೆಗೆದು ಬೇರೆ ಕಾರಿನ ಡಿಸ್ಕ್ ಕೂರಿಸುವಂಥ ಕೆಲಸಕ್ಕೆ ಹೋದಾಗ ಆ ಪ್ರಶ್ನೆ ಬರುತ್ತದೆ.

ಉಳ್ಳಾಲದ ಉಪ್ಪುಗಾಳಿ
ವಾಟರ್ ಸರ್ವಿಸ್‌ನವರಿಗೂ ಒಂದು ಮಾತು ಹೇಳಿಡಿ. ಅಲಾಯ್ ಬೆಳ್ಳಗಾಗಲಿ ಎಂದು ಕೆಲವರು ಆಸಿಡ್ ಬೆರೆತ ಕ್ಲೀನರ್ ಚಿಮುಕಿಸುತ್ತಾರೆ. ಚಕ್ರದ ಸಂದಿಯಿಂದ ಇಳಿದು ಅದು ಕ್ಯಾಲಿಪರ್ ಬಣ್ಣವನ್ನು ತಿನ್ನುತ್ತದೆ. ಕಾರ್ ಶಾಂಪೂ, ಮೆತ್ತನೆಯ ಬ್ರಷ್ ಸಾಕು.

ಮಂಡ್ಯ ಮೊಬೈಕ್
ಆಯುಧಪೂಜೆಗೆ ಕಾರು ತೊಳೆದು ಕ್ಯಾಲಿಪರ್‌ಗೂ ಕುಂಕುಮ ಇಟ್ಟವರು ನಮ್ಮ ಮಾವ. ಅದಕ್ಕಿಂತ ಅಂದದ ಬಣ್ಣ ಬೇರೆ ಬೇಡ ಎನ್ನುತ್ತಾರೆ.

ಕೊಟ್ಟಿಗೆಹಾರ ಬಸ್‌ಸ್ಟ್ಯಾಂಡ್
ಡಿಸ್ಕಿಗೆ ಎಣ್ಣೆ ಬೊಟ್ಟು ಇಡದಿದ್ದರೆ ಸರಿ. ಪ್ಯಾಡ್ ಎಣ್ಣೆ ಕುಡಿದರೆ ಬದಲಿಸುವುದೇ ದಾರಿ.

ತುಮಕೂರು ಸವಾರ
ಎಲ್ಲರ ಮಾತು ಕೇಳಿ ಭಾನುವಾರ ಕೂತು ಮುಗಿಸಿದೆ. ಎರಡು ಭಾಗ ಬೆರೆಸುವ ಬಣ್ಣವನ್ನೇ ತಂದೆ. ನೇರವಾಗಿ ಹಳದಿ ಹಚ್ಚಿದರೆ ಕಬ್ಬಿಣದ ಕಪ್ಪು ಇಣುಕುತ್ತದೆ ಎಂದು ಅಂಗಡಿಯವರು ಹೇಳಿದ್ದರಿಂದ ಮೊದಲು ಬಿಸಿ ತಡೆಯುವ ಬಿಳಿ ಪ್ರೈಮರ್ ಕೊಟ್ಟು, ಅದರ ಮೇಲೆ ಹಳದಿ ಎರಡು ಕೋಟ್ ಹಚ್ಚಿದೆ. ಉಜ್ಜುವುದಕ್ಕೆ, ಟೇಪ್ ಸುತ್ತುವುದಕ್ಕೇ ಬೆಳಗ್ಗೆಯೆಲ್ಲ ಹೋಯಿತು, ಬಣ್ಣ ಹಚ್ಚಿದ್ದು ಸ್ವಲ್ಪ ಹೊತ್ತು. ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಚಕ್ರ ಹಾಕಿದೆ.

ಹಳಬರೇ, ನಿಮಗೆ ವಿಶೇಷವಾಗಿ ಹೇಳಬೇಕು: ಎಡಗಡೆಯ ಕೆಳಗಿನ ಸ್ಲೈಡ್ ಪಿನ್ ನಿಜಕ್ಕೂ ಒಣಗಿತ್ತು, ಕೈಯಿಂದ ತಿರುಗಿಸಲೂ ಆಗಲಿಲ್ಲ. ಆ ಕಡೆಯ ಒಳ ಪ್ಯಾಡ್ ಹೊರಗಿನದಕ್ಕಿಂತ ಎದ್ದು ಕಾಣುವಷ್ಟು ಸವೆದಿತ್ತು. ಪಿನ್ ಒರೆಸಿ ಗ್ರೀಸ್ ಹಚ್ಚಿದ್ದೇನೆ, ಪ್ಯಾಡ್ ಈ ವಾರ ಬದಲಿಸುತ್ತೇನೆ. ಅಕ್ಷರ ಹಿಂದಿನ ಗಾಜಿಗೆ ಬರುತ್ತದೆ, ದಾವಣಗೆರೆಯವರಿಗೆ ಅಳತೆ ಕಳಿಸುತ್ತೇನೆ. ಪ್ರೈಮರ್ ಉಳಿದಿದೆ, ಹಿಂದಿನ ಡ್ರಮ್‌ಗಳಿಗೂ ಹಳದಿ ಹಚ್ಚಲೇ?

ಹಾಸನದ ಹಳಬ
ಪ್ಯಾಡ್ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಿ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೀರಿ.

ಚಿನ್ನದ ಗಾಲಿ
ಡ್ರಮ್‌ಗೆ ಹಳದಿ ಬೇಡ, ಕಪ್ಪು ಹಚ್ಚಿ. ಅಷ್ಟು ದೊಡ್ಡ ದುಂಡು ಹಳದಿಯಾದರೆ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ, ಮುಂದಿನದರ ಚೆಂದ ಮಾಯವಾಗುತ್ತದೆ.

ಶಿವಮೊಗ್ಗ ಮೇಸ್ತ್ರಿ
ಕಪ್ಪೇ ಸರಿ. ಡ್ರಮ್ ಬಿಚ್ಚುವುದು ಬೇಡ, ಹೊರಮೈಗೆ ಮಾತ್ರ ಹಚ್ಚಿ. ಚಕ್ರ ಒರಗುವ ಮುಖವನ್ನೂ ಸ್ಟಡ್‌ಗಳನ್ನೂ ಟೇಪ್‌ನಿಂದ ಮುಚ್ಚಿ. ಹಿಂಬದಿ ಎತ್ತುವಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ, ಎತ್ತುವುದೇ ಅದು ಹಿಡಿಯುವ ಚಕ್ರವನ್ನು. ಗೇರ್‌ನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ಮುಂದಿನ ಚಕ್ರಗಳ ನಟ್‌ಗಳನ್ನು ಈ ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.